ಎಡಗೈ ಇದೆಯಲ್ಲ, ಸಾಕು ಅಂದರು

ಕೈಯಿಂದ ಚಿಮಟ ಬಿತ್ತು. ಎತ್ತಿಕೊಂಡೆ. ಮತ್ತೆ ಬಿತ್ತು.

ಸಾಂಟಾ ಕ್ಲಾರಾದ ಒಂದು ಕಾರ್ಖಾನೆಯಲ್ಲಿ ಸರ್ಕ್ಯೂಟ್ ಬೋರ್ಡುಗಳಿಗೆ ಸಾಸಿವೆ ಗಾತ್ರದ ಬಿಡಿಭಾಗಗಳನ್ನು ಕೂರಿಸುವುದು ನನ್ನ ಕೆಲಸವಾಗಿತ್ತು. ಊರಿಗೆ ಊರೇ ಡಾಟ್ ಕಾಮ್ ಅಂತ ಕುಣಿಯುತ್ತಿದ್ದ ಕಾಲ. ನಮಗೆ ತಲೆ ಎತ್ತಲೂ ಪುರುಸೊತ್ತಿರಲಿಲ್ಲ. ಮೂರನೇ ಸಲ ಚಿಮಟ ಬಿದ್ದಾಗ ಪಕ್ಕದವಳಿಗೆ ಏನೋ ಹೇಳಹೋದೆ. ಮಾತು ತೊದಲಿತು.

ಸ್ಟ್ರೋಕ್.

ಆಸ್ಪತ್ರೆಯಿಂದ ಬೆರ್ರಿಯೆಸಾದ ಅಪಾರ್ಟ್‌ಮೆಂಟಿಗೆ ಮರಳಿದಾಗ ಬಲಗೈ ಪೂರ್ತಿ ಹೋಗಿತ್ತು, ಬಲಗಾಲು ಅರ್ಧ. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಇದ್ದವಳು ಮಗಳು ಶಿಲ್ಪಾ ಒಬ್ಬಳೇ. ಹತ್ತೊಂಬತ್ತು ವಯಸ್ಸು, ಕಾಲೇಜಿನ ಎರಡನೇ ವರ್ಷ. ನನ್ನ ಸ್ನಾನ, ಬಟ್ಟೆ, ಊಟ, ಟಾಯ್ಲೆಟ್ಟು ಎಲ್ಲ ಅವಳ ಪಾಲಿಗೆ ಬಂತು. ಒಂದು ದಿನ ಗಟ್ಟಿಸಿ ಕೇಳಿದ್ದಕ್ಕೆ, ಕಾಲೇಜು ಬಿಟ್ಟು ಎರಡು ವಾರವಾಯಿತು ಅಂದಳು.

"ಇಟ್ಸ್ ಫೈನ್, ಅಮ್ಮ."

ಎಲ್ಲಿಯ ಫೈನು? ನನಗೆ ಮೈಯೆಲ್ಲ ಉರಿಯಿತು.

ಆಸ್ಪತ್ರೆಯ ಸೋಶಿಯಲ್ ವರ್ಕರ್ ಒಂದು ದಾರಿ ಹೇಳಿದ್ದರು. ಆದಾಯ ಕಡಿಮೆಯಿದ್ದು, ಅಂಗ ಊನವಾಗಿ, ಮನೆಯಲ್ಲೇ ಇರುತ್ತೇನೆ ಅನ್ನುವವರಿಗೆ ಕೌಂಟಿ, ಅಂದರೆ ಇಲ್ಲಿನ ಜಿಲ್ಲಾಡಳಿತ, ವಾರಕ್ಕೆ ಇಷ್ಟು ಗಂಟೆ ಅಂತ ಸಹಾಯ ಮಂಜೂರು ಮಾಡುತ್ತದೆ. ಯಾರನ್ನು ಇಟ್ಟುಕೊಳ್ಳಬೇಕು, ಎಷ್ಟು ಹೊತ್ತಿಗೆ ಬರಬೇಕು ಅನ್ನುವುದೆಲ್ಲ ನಮ್ಮದೇ ನಿರ್ಧಾರ, ಸಂಬಳ ಕೊಡುವುದು ಕೌಂಟಿ. ನಾನಂತೂ ಆಗಲೇ ಆರಿಸಿಬಿಟ್ಟಿದ್ದೆ. ಕೆಳಗಿನ ಮನೆಯ ಖೈರುನ್ನಿಸಾ, ಬಿಜಾಪುರದ ಕಡೆಯವರು.

"ನಾ ಬರ್ತೀನ್ರಿ," ಅಂದಿದ್ದರು. "ಆದ್ರ ಹೋಟೆಲ್ ಕೆಲಸ ಬಿಟ್ಟು ಬರಬೇಕಂದ್ರ ಪಗಾರ ಬೇಕಲ್ರಿ."

ನ್ಯಾಯವಾದ ಮಾತು.

ಕೌಂಟಿಯಿಂದ ಒಬ್ಬರು ಪರಿಶೀಲನೆಗೆ ಬಂದರು. ಸಭ್ಯ ಮನುಷ್ಯ, ತೊಡೆಯ ಮೇಲೆ ಫಾರಂ. ಬಟ್ಟೆ ನೀವೇ ಹಾಕಿಕೊಳ್ಳುತ್ತೀರಾ? ಟಾಯ್ಲೆಟ್ಟಿಗೆ ಸಹಾಯ ಬೇಕಾ? ಗುರುತಿಲ್ಲದ ಗಂಡಸಿನ ಮುಂದೆ ಏನಂತ ಹೇಳಲಿ? "ಐ ಮ್ಯಾನೇಜ್" ಅಂದೆ. ಕೇಳಿದ್ದಕ್ಕೆಲ್ಲ ಐ ಮ್ಯಾನೇಜ್. ಶಿಲ್ಪಾ ನನ್ನನ್ನೇ ದುರುಗುಟ್ಟಿಕೊಂಡು ನೋಡಿದಳು. ಕೊನೆಗೆ ಊಟದ ಸರದಿ. ಅವರು ಎಡಗೈಗೆ ಚಮಚ ಕೊಟ್ಟು, ತಿಂದು ತೋರಿಸಿ ಅಂದರು. ತೊಳೆದುಕೊಳ್ಳುವ ಕೈ ಅದು. ಹುಟ್ಟಿದಾಗಿನಿಂದ ತಟ್ಟೆಗೆ ತಾಗಿಸಿದ್ದಿಲ್ಲ. ಎರಡು ಚಮಚ ಉಪ್ಪಿಟ್ಟು ತಿಂದು ತಟ್ಟೆ ದೂರ ಸರಿಸಿದೆ.

"ಗುಡ್," ಅಂದರು.

ಹದಿನೈದು ದಿನಕ್ಕೆ ಕಾಗದ ಬಂತು. ಗುಡಿಸುವುದಕ್ಕೆ, ಗ್ರೋಸರಿ ತರುವುದಕ್ಕೆ ವಾರಕ್ಕೆ ನಾಲ್ಕು ಗಂಟೆ. ಉಳಿದಿದ್ದೆಲ್ಲ ನಾನೇ ಮಾಡಿಕೊಳ್ಳಬಲ್ಲೆನಂತೆ.

"ಎಡಗೈಲೆ ಉಣ್ಣು ಅಂದ್ರೇನ್ರೀ ಅವ್ರು?" ಖೈರುನ್ನಿಸಾಗೂ ಸಿಟ್ಟು ಬಂತು. ಆಮೇಲೆ ನನ್ನ ಕಡೆ ತಿರುಗಿದರು. "ನೀವರ ಬಾಯಿ ಬಿಟ್ಟು ಹೇಳಬಾರ್ದಾಗಿತ್ತೇನ್ರಿ?"

ನನ್ನ ಮಾನ ಉಳಿಸಿಕೊಳ್ಳಲು ಹೋಗಿ ಮಗಳ ಓದಿಗೆ ನಾನೇ ಕಲ್ಲು ಹಾಕಿದ್ದೆ.

ಒಪ್ಪಿಗೆ ಇಲ್ಲದಿದ್ದರೆ ಮೇಲ್ಮನವಿ ಹಾಕಿ ಅಂತ ಕಾಗದದ ಹಿಂಬದಿಯಲ್ಲಿ ಇತ್ತು. "ಅಮ್ಮ, ಐ ಕ್ಯಾನ್ ಜಸ್ಟ್ ಟೇಕ್ ಕೇರ್ ಆಫ್ ಯೂ," ಅಂತ ಶಿಲ್ಪಾ ಶುರು ಮಾಡಿದಳು.

"ನೀನು ಸುಮ್ನಿರು. ಪೆನ್ನು ಕೊಡು."

ವಿಚಾರಣೆ ಒಂದು ಸಣ್ಣ ಕೋಣೆಯಲ್ಲಿ ನಡೆಯಿತು. ಮೇಜಿನಾಚೆ ಒಬ್ಬ ಮಹಿಳಾ ಜಡ್ಜು, ಈಚೆ ಅದೇ ಸಭ್ಯ ಮನುಷ್ಯ. ನನ್ನ ಪರವಾಗಿ ಶಿಲ್ಪಾ ಬಾಯಿ ತೆರೆದಳು, ತಡೆದೆ. ನನ್ನ ಮಾತು ನಿಧಾನ, ಇಂಗ್ಲಿಷು ಕಾರ್ಖಾನೆಯಲ್ಲಿ ಕಲಿತದ್ದು. ಆದರೂ ನಾನೇ ಹೇಳಿದೆ. ಬ್ರಾ ಹುಕ್ಕು ಹಾಕಿಕೊಳ್ಳಲು ಆಗುವುದಿಲ್ಲ. ಬಾತ್‌ಟಬ್ಬಿನಲ್ಲಿ ಎರಡು ಸಲ ಬಿದ್ದಿದ್ದೇನೆ. ಟಾಯ್ಲೆಟ್ಟಿನಲ್ಲಿ ಇರುವ ಒಂದು ಕೈಯಿಂದ ಕಂಬಿ ಹಿಡಿದುಕೊಳ್ಳಲೋ, ತೊಳೆದುಕೊಳ್ಳಲೋ? ನನ್ನ ಮಗಳು ತೊಳೆಯುತ್ತಾಳೆ. ಆ ಮನುಷ್ಯ ಫೈಲಿನಿಂದ ತಲೆ ಎತ್ತಲಿಲ್ಲ. ನನಗೆ ನಾಚಿಕೆ ಆಗಲಿಲ್ಲ, ಸಿಟ್ಟು ಬಂದಿತ್ತು.

"ಆವತ್ತು ಮ್ಯಾನೇಜ್ ಮಾಡ್ತೀನಿ ಅಂದಿದ್ರಲ್ಲ?" ಜಡ್ಜು ಕೇಳಿದರು.

"ಸುಳ್ಳು ಹೇಳಿದೆ. ಮರ್ಯಾದೆಗೆ ಅಂಜಿ. ಈಗ ಆ ಮರ್ಯಾದೆ ಬೇಡ, ನನ್ನ ಮಗಳು ಕಾಲೇಜಿಗೆ ಹೋಗಬೇಕು."

"ಎಡಗೈಯಲ್ಲಿ ಊಟ ಮಾಡಬಹುದಲ್ಲ?"

"ಮಾಡಬಹುದು. ಮಾಡಲ್ಲ."

ಆರು ವಾರಕ್ಕೆ ತೀರ್ಪು ಬಂತು. ಸ್ನಾನ, ಬಟ್ಟೆ, ಟಾಯ್ಲೆಟ್ಟು, ಅಡುಗೆ, ಎಲ್ಲಕ್ಕೂ ಗಂಟೆಗಳು ಸಿಕ್ಕವು. ಊಟ ಮಾಡಿಸುವುದಕ್ಕೆ ಮಾತ್ರ ಇಲ್ಲ. ಎಡಗೈ ಚೆನ್ನಾಗಿದೆ ಅಂತ ಬರೆದಿದ್ದರು. ಸಿಕ್ಕಿದ್ದಕ್ಕೆ ಆ ಜಡ್ಜಿಗೆ ನಾನು ಋಣಿ. ಆ ಒಂದು ಸಾಲಿಗೆ ಅಲ್ಲ.

ಖೈರುನ್ನಿಸಾ ಹೋಟೆಲ್ ಕೆಲಸ ಬಿಟ್ಟರು. ಸೋಮವಾರ ಬೆಳಿಗ್ಗೆ ನಾನು ಹೇಳಿದ ಎಂಟು ಗಂಟೆಗೆ ಬಂದು, ಸ್ನಾನ ಮಾಡಿಸಿ, ಚಿತ್ರಾನ್ನ ಕಲಸಿ ಮುಂದಿಟ್ಟು, ಒಳಗೆ ಪಾತ್ರೆ ತೊಳೆಯುತ್ತಿದ್ದರು. ಶಿಲ್ಪಾ ಬ್ಯಾಗು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದಳು.

"ಬಟ್ ಹೂ ವಿಲ್ ಫೀಡ್ ಯೂ?"

ಬಸ್ಸಿಗೆ ಹೊತ್ತಾಗುತ್ತಿತ್ತು. ನಾನು ಎಡಗೈಯಲ್ಲಿ ಚಮಚ ಹಿಡಿದು, ಅವಳ ಕಣ್ಣೆದುರೇ ಮೂರು ತುತ್ತು ತಿಂದೆ. ಅಗಿದು ನುಂಗಿದೆ, ನಗುನಗುತ್ತಲೇ.

"ನೋಡಿದ್ಯಾ? ಹೊರಡು."

ಅವಳು ಹೊರಟಳು. ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ನಿಲ್ಲುವ ತನಕ ಕಾದೆ. ಆಮೇಲೆ ಚಮಚ ಪಕ್ಕಕ್ಕಿಟ್ಟು, "ಖೈರುನ್ನಿಸಾ, ಬನ್ನಿ, ತುತ್ತು ಹಾಕಿ," ಅಂತ ಕರೆದೆ.