ಬಸವಕ್ಕನ ತಮ್ಮ, ಬಸವಕ್ಕನ ಅಳಿಯ

ಮಧ್ಯಾಹ್ನವಾದರೆ ಆಂಧ್ರದ ನಂದವರಂನ ಕನ್ನಡದ ಹೆಂಗಸರು ಬಸವಕ್ಕನ ಹೊಲಿಗೆ ಮಿಷಿನ್ ಸುತ್ತ ಸೇರುತ್ತಿದ್ದರು. ರವಿಕೆ ಹೊಲಿಸುವುದು ಒಂದು ನೆವ. ಹೈದರಾಬಾದಿನಿಂದ ಬರುವ ತೆಲುಗು ಮಹಿಳಾ ಪತ್ರಿಕೆಯಲ್ಲಿ ಸಂಸಾರದ ಸಲಹೆಗಳ ಪುಟವಿತ್ತು. ಬಸವಕ್ಕ ಅದನ್ನು ಕನ್ನಡ ಮಾಡಿ ಓದುತ್ತಿದ್ದಳು. ಓದಿದ್ದಕ್ಕೆ ತನ್ನದೊಂದಿಷ್ಟು ಸೇರಿಸದಿದ್ದರೆ ಆಕೆಗೆ ಉಂಡದ್ದು ಅರಗುತ್ತಿರಲಿಲ್ಲ.

"ಗಂಡ ಕೈ ಮಾಡಿದ್ನಂದ್ರ ಸುಮ್ಮನ ಕುಂದ್ರಬ್ಯಾಡ್ರಿ. ಸೀದಾ ತವರಿಗಿ ಹೋಗ್ರಿ. ಅವರ ಕಡ್ಯಾರು ಬಂದು ತಪ್ಪಾತಂದ್ರ ಮಾತ್ರ ತಿರುಗಿ ಹೋಗ್ರಿ" ಎಂದು ಊರಿಗೆಲ್ಲ ಬುದ್ಧಿ ಹೇಳಿದ್ದಳು.

ಒಂದು ಮಂಗಳವಾರ ಮಧ್ಯಾಹ್ನ ಮಗಳು ಭಾಗ್ಯ ಗಂಡನ ಊರಾದ ಗೋನೆಗಂಡ್ಲದ ಬಸ್ಸಿಳಿದು ಬಂದಳು. ಕೆನ್ನೆ ಬಾತುಕೊಂಡಿತ್ತು.

"ಯವ್ವಾ, ತವರಿಗಿ ಹೋಗಬೇಕಂತ ನೀನ ಹೇಳ್ತಿದ್ದೆಲ್ಲ. ಬಂದೀನಿ."

ಬಸವಕ್ಕ ಮಿಷಿನ್ ನಿಲ್ಲಿಸಿದಳು. ಹೊಡೆದವನು ಬೇರೆ ಯಾರಾದರೂ ಆಗಿದ್ದರೆ ಅವನ ಜನ್ಮ ಜಾಲಾಡುತ್ತಿದ್ದಳು. ಆದರೆ ಭಾಗ್ಯಳ ಗಂಡ ಸುಂಕೇಶ ಬಸವಕ್ಕನ ಸ್ವಂತ ತಮ್ಮ. ತಾಯಿ ಸತ್ತ ಮೇಲೆ ಆಕೆಯೇ ಕೈತುತ್ತು ಹಾಕಿ ಬೆಳೆಸಿದವನು. ಸಂಬಂಧ ಹೊರಗೆ ಹೋಗಬಾರದೆಂದು ಹಟ ಹಿಡಿದು ಮಗಳನ್ನು ಕೊಟ್ಟಿದ್ದಳು. ಹೀಗಾಗಿ ಮಗಳ ತವರೆಂದರೆ ಅಳಿಯನ ಅಕ್ಕನ ಮನೆ. ಗಂಡನ ಕಡೆಯವರು ಬಂದು ತಪ್ಪಾಯಿತು ಅನ್ನಬೇಕಂತೆ! ಗಂಡನ ಕಡೆಗೆ ಹಿರಿಯಳು ಇವಳೇ. ಪಟ್ಟಣದಲ್ಲಿ ಕುಳಿತು ಸಲಹೆ ಬರೆಯುವ ಮೇಡಂಗೆ ಇಂಥ ಮನೆ ನೆನಪಾಗದಿದ್ದರೆ ಹೋಗಲಿ, ಓದುವವಳಿಗಾದರೂ ನೆನಪಾಗಬೇಕಿತ್ತು.

ಅಷ್ಟರಲ್ಲಿ ಅಂಗಳದಲ್ಲಿ ಬೈಕು ನಿಂತಿತು. ಸುತ್ತ ಕೂತ ಹೆಂಗಸರು ಅಲುಗಲಿಲ್ಲ. ಭಾಗ್ಯ ಒಳಕೋಣೆಗೆ ಸರಿದಳು.

"ಅಕ್ಕಾ, ಆಕಿನ್ನ ಕಳಿಸು. ಮನ್ಯಾಗಿನ ಮಾತು ಬೀದಿಗಿ ಬ್ಯಾಡ" ಎನ್ನುತ್ತ ಸುಂಕೇಶ ಚಪ್ಪಲಿ ಬಿಟ್ಟ.

ಬಿಸಿಲಲ್ಲಿ ಬಂದಿದ್ದಾನೆ, ಕರೆದು ನೀರು ಕೊಡಬೇಕು ಎಂದು ಬಸವಕ್ಕನ ಕರುಳು ಎಳೆಯಿತು. ಆದರೆ ಒಳಗೆ ಬಿಟ್ಟುಕೊಂಡರೆ ಮಗಳು ಅವನ ಹಿಂದೆಯೇ ಹೊರಡಬೇಕು. ಅಕ್ಕನ ಮನೆಯಲ್ಲಿ ತಮ್ಮನಿಗೆ ಇಲ್ಲವೆನ್ನುವವರು ಯಾರು? ಆಕೆ ಎದ್ದು ಬಾಗಿಲಿಗೆ ಅಡ್ಡ ನಿಂತಳು.

"ಅಲ್ಲೇ ನಿಂದ್ರು."

"ನಾ ನಿನ್ನ ತಮ್ಮ ಅಲ್ಲೇನಕ್ಕಾ?"

"ತಮ್ಮ ಆಗಿದ್ರ ಆಕಿ ನಿನಗ ಅಕ್ಕನ ಮಗಳು. ನನ್ನ ಮಗಳನ್ನ ಹೊಡದು ನನ್ನ ಮನಿಗೇ ಹೆಂಗ ಬಂದ್ಯೋ?"

ಸುಂಕೇಶನ ಕಣ್ಣು ತುಂಬಿದ್ದು ಕಂಡು ಬಸವಕ್ಕನ ಕಣ್ಣೂ ತುಂಬಿದವು. ಆದರೂ ಆಕೆ ಬಾಗಿಲು ಬಿಡಲಿಲ್ಲ.