ಬಾಗಿಲು ಹಾಕಿದರೆ ಮಾತ್ರ ಏರುವ ಲಿಫ್ಟು

ದೊಡ್ಡ ಊರುಗಳ ಹೊಸ ಲಿಫ್ಟುಗಳಲ್ಲಿ ನಾನು ಪ್ರತಿಸಲವೂ ಒಂದು ಸಣ್ಣ ನಗೆಪಾಟಲಿಗೆ ಈಡಾಗುತ್ತೇನೆ. ನನ್ನ ಮಹಡಿ ಬಂದು ಹೊರಗೆ ಕಾಲಿಟ್ಟ ಕೂಡಲೇ ಹಿಂದಕ್ಕೆ ತಿರುಗಿ, ಬಲಗೈಯನ್ನು ಗಾಳಿಯಲ್ಲಿ ಚಾಚಿ, ಅಲ್ಲಿಲ್ಲದ ಬಾಗಿಲನ್ನು ಎಳೆಯಲು ಹೋಗುತ್ತೇನೆ. ಒಳಗಿದ್ದವರು ನಾನು ಟಾಟಾ ಮಾಡುತ್ತಿದ್ದೇನೆಂದು ತಿಳಿಯುತ್ತಾರೆ. ಸಭ್ಯರಾದವರು ತಾವೂ ಕೈಬೀಸುತ್ತಾರೆ. ಬೆಳಗಾವಿಯಲ್ಲಿ ಒಮ್ಮೆ ಒಂದು ಮಗು ಅಳುವುದನ್ನೇ ನಿಲ್ಲಿಸಿ ನನಗೆ ಟಾಟಾ ಮಾಡಿತು, ಅಷ್ಟರಮಟ್ಟಿಗೆ ಈ ಚಾಳಿಯಿಂದ ಲೋಕೋಪಕಾರವಾಗಿದೆ.

ಚಾಳಿ ಹತ್ತಿಸಿದ್ದು ಬನಹಟ್ಟಿಯಲ್ಲಿರುವ ನಮ್ಮ ಸಂಗಪ್ಪ ಸಾವಕಾರರ ಕಟ್ಟಡದ ಲಿಫ್ಟು. ನಾನು ಅವರಲ್ಲಿ ಸೀರೆಯ ಅಂಚು, ಸೆರಗುಗಳ ನಕ್ಷೆ ಬರೆಯುವವನು. ಚೌಕಳಿ ಕಾಗದದ ಒಂದೊಂದು ಮನೆಗೂ ಬಣ್ಣ ತುಂಬಿ, ಯಾವ ನೂಲಿನ ಪಕ್ಕ ಯಾವ ನೂಲು ಕೂಡಬೇಕೆಂದು ಹೇಳುವುದು ನನ್ನ ಕೆಲಸ. ಒಂದು ದಿನವೂ ಸಾಲೆಯಲ್ಲಿ ಪಾಠ ಹೇಳದಿದ್ದರೂ ಮಂದಿ ನನ್ನನ್ನು ಡಿಸೈನ್ ಮಾಸ್ತರ ಎನ್ನುತ್ತಾರೆ. ಆ ಕಟ್ಟಡದಲ್ಲಿ ಕೆಳಗೆ ಸೀರೆ ಅಂಗಡಿ, ಮೊದಲ ಮಹಡಿಯಲ್ಲಿ ಗೋದಾಮು, ಎರಡನೆಯದರಲ್ಲಿ ಹಲ್ಲಿನ ಡಾಕ್ಟರು, ಮೂರನೆಯದರಲ್ಲಿ ನಾನು. ನನ್ನನ್ನು ಅಷ್ಟು ಮೇಲೆ ಕೂರಿಸಿದ್ದಕ್ಕೆ ಕಾರಣ ಗೌರವವಲ್ಲ, ಬೆಳಕು. ಮೂರನೆಯ ಮಹಡಿಯ ಬಡಗಣ ಕಿಟಕಿಯಲ್ಲಿ ಮುಂಜಾನೆಯಿಂದ ಸಂಜೆಯವರೆಗೆ ಒಂದೇ ಹದದ ಬೆಳಕು ಬೀಳುತ್ತದೆ. ಬಣ್ಣದ ಖರೆತನ ಅಂಥ ಬೆಳಕಿನಲ್ಲಿ ಮಾತ್ರ ಗೊತ್ತಾಗುತ್ತದೆ. ಆದರೆ ಚಿಕ್ಕಂದಿನಲ್ಲಿ ಪೋಲಿಯೊ ಬಂದು ನನ್ನ ಎಡಗಾಲು ಬಲಗಾಲಿಗಿಂತ ಮೂರು ಬೆರಳು ಗಿಡ್ಡ. ಮೇಲೆ ಬೆಳಕು, ಕೆಳಗೆ ನಾನು, ನಡುವೆ ಲಿಫ್ಟು. ಹೀಗಾಗಿ ಅದನ್ನು ನಾನು ಹೊಗಳುವುದರಲ್ಲಿ ನನ್ನ ಸ್ವಾರ್ಥವನ್ನು ಕಳೆದು ಉಳಿದದ್ದನ್ನು ನೀವು ಇಟ್ಟುಕೊಳ್ಳಬಹುದು.

ಅದು ಬಂದದ್ದು ಬಾಗಲಕೋಟೆ ಬೇರೆ ಜಿಲ್ಲೆಯಾದ ಹೊಸದರಲ್ಲಿ. ಆಗ ಎಲ್ಲರಿಗೂ ಏನಾದರೊಂದು ಹೊಸದು ಮಾಡುವ ಉಮೇದು. ನೂಲು ತರಲು ಮುಂಬೈಗೆ ಹೋಗಿದ್ದ ಸಾವಕಾರರು ಅಲ್ಲಿ ಕೆಡವುತ್ತಿದ್ದ ಒಂದು ಹಳೇ ಕಟ್ಟಡ ನೋಡಿ, ಅದರ ಲಿಫ್ಟನ್ನು ಬಿಚ್ಚಿಸಿ, ನೂಲಿನ ಲಾರಿಯಲ್ಲೇ ಹಾಕಿಸಿಕೊಂಡು ಬಂದರು. ಅದರ ಜೊತೆಗೆ ಹಳದಿಗಟ್ಟಿದ ಒಂದು ಇಂಗ್ಲಿಷ್ ಪುಸ್ತಿಕೆಯೂ ಇತ್ತು. ಊರಿನವರು ಲಿಫ್ಟಿಗೆ ಕಾಯಿ ಒಡೆಯುತ್ತಿದ್ದಾಗ ನಾನು ಮೂಲೆಯಲ್ಲಿ ಕೂತು ಅದನ್ನು ಓದಿದೆ. ಮೂರು ನಾಲ್ಕು ಮಹಡಿಯ ಗಿಡ್ಡ ಕಟ್ಟಡಗಳಿಗೆಂದೇ ಮಾಡಿದ ಮಾದರಿ ಇದು ಎಂದು ಮೊದಲ ಪುಟ ಹೇಳುತ್ತಿತ್ತು. ಈ ಮಾದರಿಯ ತಯಾರಿಕೆಯನ್ನು ನಿಲ್ಲಿಸಲಾಗಿದೆ ಎಂಬ ರಬ್ಬರ್ ಶಿಕ್ಕೆ ಕೊನೆಯ ಪುಟದ ಮೇಲಿತ್ತು. ನಮ್ಮೂರಿಗೆ ಹೊಚ್ಚ ಹೊಸದಾಗಿ ಬಂದದ್ದು ಲೋಕದಲ್ಲಿ ಆಗಲೇ ಮುಗಿದುಹೋಗಿತ್ತು. ನಾನು ತಡೆಯಲಾರದೆ ಹೇಳಿಬಿಟ್ಟೆ.

ಸಾವಕಾರರು ಕೊಬ್ಬರಿ ಅಗಿಯುತ್ತ, "ಮಾಡೂದು ನಿಂತಿದ್ರ ಏನಾತ್ರಿ ಮಾಸ್ತರ? ಇದು ನಿಂತಿಲ್ಲಲ್ಲ" ಅಂದರು.

ನಿಲ್ಲುವಂಥದ್ದೂ ಆಗಿರಲಿಲ್ಲ. ತೇಗದ ಗೋಡೆ, ಮೂಲೆಯಲ್ಲಿ ಮಡಚುವ ಪುಟ್ಟ ಪೀಠ, ಮುಖಕ್ಕಿಂತ ರುಮಾಲು ಚೆನ್ನಾಗಿ ಕಾಣುವ ಎತ್ತರದಲ್ಲಿ ಒಂದು ಕನ್ನಡಿ. ಬಾಗಿಲ ಮೇಲೆ ಗಡಿಯಾರದಂಥ ಹಿತ್ತಾಳೆಯ ತಟ್ಟೆ, ಅದರ ಮುಳ್ಳು ಸೊನ್ನೆಯಿಂದ ಮೂರರವರೆಗೆ ಹೋಗಿ ಮರಳುತ್ತಿತ್ತು. ನಾಲ್ಕರ ಆಸೆಯೇ ಅದಕ್ಕಿರಲಿಲ್ಲ. ನನಗೆ ಹೆಚ್ಚು ಹಿಡಿಸಿದ್ದು ಅದೇ. ಲಿಫ್ಟು ಹುಟ್ಟುವ ಮುಂಚೆ ಪರದೇಶಗಳ ದೊಡ್ಡ ಊರುಗಳಲ್ಲಿ ಶ್ರೀಮಂತರು ಕೆಳಮಹಡಿಗಳಲ್ಲಿ, ಬಡವರು ಮೆಟ್ಟಿಲು ಹತ್ತಿ ಹತ್ತಿ ಮಾಡಿನ ಕೆಳಗೆ ಇರುತ್ತಿದ್ದರಂತೆ. ಲಿಫ್ಟು ಬಂದಮೇಲೆ ಶ್ರೀಮಂತರು ಮೇಲೇರಿದರು, ಬಡವರು ಇಳಿದರು. ನಮ್ಮ ಕಡೆ ಅಂಥ ಗೊಂದಲವಿರಲಿಲ್ಲ. ಮೇಲೆ ಇದ್ದದ್ದು ಮಣ್ಣಿನ ಮಾಳಿಗೆ, ಮಾಳಿಗೆಯ ಮೇಲೆ ಮೆಣಸಿನಕಾಯಿ, ನಡುವೆ ಒಂದು ನಿಚ್ಚಣಿಕೆ. ಅದನ್ನು ಹತ್ತಲಾಗದ ನಾನು ಬಾಲ್ಯವೆಲ್ಲ ಕೆಳಗೆ ನಿಂತು, ಬೆಳಕಿಂಡಿಯಿಂದ ಬೀಳುವ ಬಿಸಿಲಿನಲ್ಲೇ ಮಾಳಿಗೆಯನ್ನು ಊಹಿಸಿಕೊಳ್ಳುತ್ತಿದ್ದೆ. ಮೂವತ್ತೆಂಟನೆಯ ವಯಸ್ಸಿನಲ್ಲಿ ಮೊದಲ ಸಲ ಬೆವರದೆ ಮೂರು ಮಹಡಿ ಮೇಲೆ ನಿಂತಾಗ, ನಿಮ್ಮಲ್ಲಿ ಮುಚ್ಚುಮರೆ ಏಕೆ, ನನಗೆ ಕಣ್ಣಲ್ಲಿ ನೀರು ಬಂತು.

ನಮ್ಮ ಜನ ಅದಕ್ಕೊಂದು ಪದ್ಧತಿ ಹಚ್ಚಿದರು. ಬಣ್ಣದ ನೂಲನ್ನು ಕಂಡಿಕೆಗೆ ಸುತ್ತಿ ನನ್ನ ಕೋಣೆಗೆ ತಂದುಕೊಡುತ್ತಿದ್ದ ಕಾಶವ್ವ ಮೊದಲ ದಿನ ಲಿಫ್ಟಿನ ಮುಂದೆ ನಿಂತು, ತೇಗದ ನೆಲ ನೋಡಿ, ಚಪ್ಪಲಿ ಬಿಟ್ಟು ಒಳಗೆ ಬಂದಳು. ನೇಕಾರರ ಮನೆಯವಳು, ಚಪ್ಪಲಿ ಮೆಟ್ಟಿ ಮಗ್ಗದ ಕುಣಿಗೆ ಇಳಿದವಳಲ್ಲ. ಅವಳನ್ನು ನೋಡಿ ಹಮಾಲರು ಬಿಟ್ಟರು, ಹಲ್ಲು ನೋವಿನವರು ಬಿಟ್ಟರು, ಕೊನೆಗೆ ಡಾಕ್ಟರೂ ಬಿಟ್ಟರು. ಕೆಳಗಿನ ಚಪ್ಪಲಿ ಸಾಲು ನೋಡಿದರೆ ಮೇಲೆ ಯಾರಿದ್ದಾರೆಂದು ಗೊತ್ತಾಗುತ್ತಿತ್ತು. ಡಾಕ್ಟರ ಕರಿ ಬೂಟು ಕಾಣದಿದ್ದರೆ ಹಲ್ಲು ನೋವು ಅಲ್ಲಿಂದಲೇ ಮನೆಗೆ ಮರಳುತ್ತಿತ್ತು.

ನಾನು ಮಾತ್ರ ಸಂಕಟಕ್ಕೆ ಸಿಕ್ಕಿಬಿದ್ದೆ. ನನ್ನ ಎಡಗಾಲಿನ ಬೂಟಿಗೆ ಮೂರು ಬೆರಳು ದಪ್ಪದ ಅಟ್ಟೆ. ಅದನ್ನು ಬಿಚ್ಚಿದರೆ ನಾನು ನಿಲ್ಲುವುದು ವಾಲಿದ ಕಂಬದ ಹಾಗೆ. ಒಂದು ಬೆಳಿಗ್ಗೆ ಎಲ್ಲರೂ ಬರಿಗಾಲಲ್ಲಿದ್ದಾಗ ನಾಚಿಕೆಯಾಗಿ ಬೂಟಿನ ಲಾಡಿ ಬಿಚ್ಚಲು ಬಗ್ಗಿದೆ. ಕಾಶವ್ವ ನನ್ನ ತೋಳು ಹಿಡಿದಳು.

"ಏ ತಮ್ಮಾ, ಅದನ್ಯಾಕ ಬಿಚ್ಚತಿ? ಅದು ನಿನ್ನ ಕಾಲ ಐತಿ, ಚಪ್ಪಲಿ ಅಲ್ಲ."

ಆಮೇಲೆ ಆ ಬೂಟಿನ ವಿಷಯ ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಲಿಫ್ಟು ತನ್ನ ಕಡೆಯಿಂದ ಇಟ್ಟ ಕರಾರು ಒಂದೇ. ಅದರ ಬಾಗಿಲು ಕೈಯಿಂದ ಎಳೆಯುವ ಕಬ್ಬಿಣದ ಜಾಲರಿ. ಇಳಿದವರು ಅದನ್ನು ಪೂರ್ತಿ ಎಳೆದು ಹಾಕದಿದ್ದರೆ ಲಿಫ್ಟು ಅಲ್ಲಿಂದ ಮಿಸುಕುತ್ತಿರಲಿಲ್ಲ. ಕೆಳಗಿದ್ದವರು ಎಷ್ಟು ಗುಂಡಿ ಒತ್ತಿದರೂ ಅಷ್ಟೇ. ಅಂದರೆ ಮೇಲೆ ಹೋದವನು ಕೆಳಗಿದ್ದವನನ್ನು ನೆನೆಯದೆ ಹೋದರೆ ಇಡೀ ಕಟ್ಟಡ ನಿಂತಂತೆ. ಹೀಗಾಗಿ ದಿನಕ್ಕೆ ಹತ್ತು ಸಲ "ಬಾಗಲಾ ಹಾಕ್ರೀ!" ಎಂಬ ಕೂಗು ಏಳುತ್ತಿತ್ತು. ಹಾಕಿದವರು "ಹಾಕೇನ್ರೀ!" ಎಂದು ಮರುಕೂಗು ಕೊಡುತ್ತಿದ್ದರು. ಈ ವಿಷಯದಲ್ಲಿ ಎಲ್ಲರಿಗಿಂತ ಕಟುಕ ನಾನೇ. ಮರೆತವರನ್ನು ಮೆಟ್ಟಿಲವರೆಗೂ ಬೆನ್ನಟ್ಟಿ ಬೈಯುತ್ತಿದ್ದೆ. ಜಮಖಂಡಿಯಿಂದ ಬಂದಿದ್ದ ಸಾವಕಾರರ ಬೀಗರಿಗೂ ಒಮ್ಮೆ ಉಪದೇಶ ಮಾಡಿದೆ. ಅವರು ಮುಂದೆ ಹಲ್ಲು ನೋವು ಬಂದಾಗ ಮುಧೋಳಕ್ಕೆ ಹೋದರೆಂದು ಕೇಳಿದೆ.

ಹನ್ನೆರಡು ವರ್ಷ ಹೀಗೆ ನಡೆದ ಮೇಲೆ ಒಂದು ದಿನ ಬಾಗಿಲ ಬೀಗದ ಒಳಗಿನ ತುಂಡು ಮುರಿಯಿತು. ಬಾಗಿಲು ಹಾಕಿದೆಯೋ ಇಲ್ಲವೋ ಎಂದು ಲಿಫ್ಟಿಗೆ ತಿಳಿಸುತ್ತಿದ್ದದ್ದೇ ಆ ತುಂಡು. ಈಗ ಹಾಕಿದ್ದರೂ ಅದು ನಂಬದು. ಮಾಡಿದ ಕಂಪನಿಗೆ ಪತ್ರ ಬರೆದೆವು. ಆ ಮಾದರಿ ನಿಂತು ಬಹಳ ಕಾಲವಾಯಿತು, ಬಿಡಿಭಾಗ ಸಿಗುವುದಿಲ್ಲ, ಹೊಸ ಲಿಫ್ಟು ಹಾಕಿಸಿಕೊಳ್ಳಿ ಎಂದು ಉತ್ತರ ಬಂತು. ಹೊಸದು ಈ ಇಕ್ಕಟ್ಟಿನಲ್ಲಿ ಕೂಡುವುದಿಲ್ಲ ಎಂದು ಅಳತೆಗೆ ಬಂದವರು ಹೇಳಿದರು. ಸಾವಕಾರರು ನಾಲ್ಕು ದಿನ ಯೋಚಿಸಿ ಲಿಫ್ಟಿನ ಜಾಗದಲ್ಲಿ ಸೀರೆ ಗಂಟು ಇಡೋಣವೆಂದರು. ನನಗೆ ಅಂಗಡಿಯ ಹಿಂದೆ ಕಿಟಕಿಯಿಲ್ಲದ ಒಂದು ಕೋಣೆ ಕೊಟ್ಟರು, ಎರಡು ಟ್ಯೂಬ್‌ಲೈಟು ಹೆಚ್ಚಿಗೆ ಹಾಕಿಸಿಯೂ ಕೊಟ್ಟರು. ಒಳ್ಳೆಯ ಮನುಷ್ಯ. ಮೆಟ್ಟಿಲು ಹತ್ತುತ್ತೇನೆಂದು ನಾನು ಹಟ ಮಾಡಿ ಎರಡು ದಿನ ಹತ್ತಿದೆ. ಮೂರನೆಯ ದಿನ ಮೊಣಕಾಲು ಕುಂಬಳಕಾಯಾಯಿತು.

ಟ್ಯೂಬ್‌ಲೈಟಿನ ಕೆಳಗೆ ನಾನು ಬರೆದ ಮೊದಲ ಅಂಚು ಗಿಳಿಹಸಿರಿನದು. ಕಾಶವ್ವ ಕಂಡಿಕೆ ಸುತ್ತಿಕೊಟ್ಟಳು, ಮಗ್ಗಕ್ಕೂ ಏರಿತು. ನಾಲ್ಕು ಸೀರೆ ನೇಯ್ದ ಮೇಲೆ ಅವಳು ಒಂದನ್ನು ಹೊರಗೆ ಬಿಸಿಲಿಗೆ ಹಿಡಿದು ಒಳಗೆ ಬಂದಳು. ಮೆಲ್ಲಗೆ, "ತಮ್ಮಾ, ಇದು ಗಿಳಿ ಹಸರ ಅಲ್ಲೋ. ಹೊಂಡದ ಪಾಚಿ ಹಸರ ಐತಿ" ಅಂದಳು. ನಾನು ಹೊರಗೆ ಹೋಗಿ ನೋಡಿದೆ. ಖರೆ ಇತ್ತು. ಸಾವಕಾರರು ಬೈದಿದ್ದರೆ ಚೆನ್ನಾಗಿತ್ತು. ಅವರು ನನ್ನ ಮುಖ ನೋಡಿ, "ಮಾಸ್ತರ್ರ, ಒಮ್ಮೆ ಕಣ್ಣ ತೋರಿಸ್ಕೊಂಡ ಬರ್ರಲ್ಲ" ಅಂದರು. ಕಾಲು ಹೋದ ಮಾಸ್ತರನನ್ನು ಯಾರಾದರೂ ಇಟ್ಟುಕೊಂಡಾರು, ಬಣ್ಣ ತಿಳಿಯದವನನ್ನು ಯಾರು ಇಟ್ಟುಕೊಳ್ಳುತ್ತಾರೆ?

ಕರೆಂಟಿನ ಮಗ್ಗಗಳನ್ನು ರಿಪೇರಿ ಮಾಡುವ ದಸ್ತಗೀರ್ ಜಾಬರ್ ಈ ಸುದ್ದಿ ಕೇಳಿ ಮರುದಿನ ನಟ್ಟು ತಿರುವುವ ಪಾನಾ ಹಿಡಿದು ಬಂದ. ಬೀಗ ಬಿಚ್ಚಿ, ಮುರಿದ ತುಂಡನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ.

"ಸಾವಕಾರ್ರ, ನೂಲ ಹರದ್ರ ಮಗ್ಗ ತಾನ ನಿಂದ್ರತೈತಿ. ಬಾಗಲಾ ತೆರದ್ರ ಇದೂ ನಿಂದ್ರಬೇಕು. ಅಷ್ಟ ಹೌದಿಲ್ರಿ?"

"ಅಷ್ಟ ಅಂತ ನೀ ಅಂತಿ. ಮಾಸ್ತರ ಜೀವದ ಮಾತ ಐತಿ."

"ಅದಕ್ಕ ಅವಸರ ಮಾಡೂದಿಲ್ರಿ."

ಅವನು ಆ ತುಂಡನ್ನು ಮಹಾಲಿಂಗಪುರಕ್ಕೆ ಒಯ್ದ. ಅಲ್ಲಿ ಕಬ್ಬಿನ ಗಾಣದ ಬಿಡಿಭಾಗ ಕಡೆಯುವ ಲೇಥಿನಲ್ಲಿ ಅದೇ ಅಳತೆಯದನ್ನು ಮೂರು ಸಲ ಕಡೆಸಿದ. ಮೊದಲಿನ ಎರಡು ಮನಸ್ಸಿಗೆ ಬರಲಿಲ್ಲವೆಂದು ಬಿಸಾಕಿದ. ಕೂಡಿಸಿದ ಮೇಲೂ ಒಂದು ವಾರ ಬರೀ ಸೀರೆ ಗಂಟುಗಳನ್ನು ಮೇಲೆ ಕೆಳಗೆ ಓಡಾಡಿಸಿದ. ಬಾಗಿಲನ್ನು ಅರ್ಧ ತೆರೆದು, ಒಂದು ಬೆರಳು ತೆರೆದು, ಅದು ನಿಲ್ಲುತ್ತದೆಯೋ ಎಂದು ನೂರು ಸಲ ಪರೀಕ್ಷೆ ಮಾಡಿದ. ಲಿಫ್ಟು ಮಾಡಿದವರೇ ಕೈಬಿಟ್ಟದ್ದನ್ನು ಲಿಫ್ಟಿನ ಸಾಲೆಗೆ ಹೋಗದವನೊಬ್ಬ ಹೀಗೆ ಜೋಪಾನ ಮಾಡುವುದನ್ನು ನೋಡುತ್ತ ನಾನು ಕೆಳಗೆ ಸ್ಟೂಲಿನ ಮೇಲೆ ಕೂತಿರುತ್ತಿದ್ದೆ. ದೊಡ್ಡ ಕೆಲಸ ಅಂದರೆ ಇದೇ ಅನ್ನಿಸುತ್ತಿತ್ತು.

ಎಂಟನೆಯ ದಿನ ಬೆಳಿಗ್ಗೆ ಅವನು ಜಾಲರಿ ಸರಿಸಿ, "ಬರ್ರಿ ಮಾಸ್ತರ" ಅಂದ. ಕಾಶವ್ವ ಚಪ್ಪಲಿ ಬಿಟ್ಟು, "ನೀ ಒಬ್ಬನ ಹೋಗಬ್ಯಾಡ" ಎಂದು ಜೊತೆಗೆ ಹತ್ತಿದಳು. ಹಿತ್ತಾಳೆಯ ಮುಳ್ಳು ಒಂದು, ಎರಡು ದಾಟಿ ಮೂರಕ್ಕೆ ಬಂತು. ನಾನು ಕುಂಟುತ್ತ ಓಡಿದೆನೆಂದೇ ಹೇಳಬೇಕು. ಕಿಟಕಿ ತೆರೆದೆ, ಜೇಬಿನಲ್ಲಿಟ್ಟುಕೊಂಡಿದ್ದ ಎರಡು ನೂಲೆಳೆಗಳನ್ನು ಮೇಜಿನ ಮೇಲೆ ಹರವಿದೆ. ಇದು ಗಿಳಿ, ಇದು ಪಾಚಿ. ಗಳಿಗೆಯೂ ಬೇಕಾಗಲಿಲ್ಲ. ಕಣ್ಣು ಸರಿಯಾಗಿಯೇ ಇತ್ತು! ಕಾಶವ್ವ ಬಗ್ಗಿ ನೋಡಿ, "ಆತು ಬಿಡು, ನಮ್ಮ ಮಾಸ್ತರ ಬಂದ" ಅಂದಳು. ಎಳೆಗಳನ್ನು ಮತ್ತೆ ಮತ್ತೆ ಅದಲುಬದಲು ಇಟ್ಟು ನೋಡುತ್ತ ನಾವಿಬ್ಬರೂ ಎಷ್ಟು ಹೊತ್ತು ನಿಂತಿದ್ದೆವೋ ಗೊತ್ತಿಲ್ಲ.

ಕೆಳಗಿನಿಂದ ಒಂದು ಕೂಗು ಕೇಳುತ್ತಲೇ ಇತ್ತು. ಯಾರೋ ದಡ್ಡರು ಬಾಗಿಲು ಮರೆತಿದ್ದಾರೆ, ಇಳಿದಾಗ ಬೈಯೋಣ ಎಂದುಕೊಂಡೆ. ಆಗ ಸಾವಕಾರರ ದನಿ ಸ್ಪಷ್ಟವಾಗಿ ಬಂತು: "ಮಾಸ್ತರ್ರ! ಬಾಗಲಾ!"

ತಿರುಗಿ ನೋಡಿದರೆ ಜಾಲರಿ ಹಾಗೇ ತೆರೆದಿತ್ತು. ನನ್ನನ್ನು ಮೇಲೆ ಕಳಿಸಿದ ದಸ್ತಗೀರನೂ ಸಾವಕಾರರೂ, ತಮ್ಮ ಸರದಿಗಾಗಿ ಚಪ್ಪಲಿ ಬಿಟ್ಟು, ಕೆಳಗೆ ಕಾಯುತ್ತ ನಿಂತಿದ್ದರು. ಮೇಲೆ ಬಂದವನು ಕೆಳಗಿನವರನ್ನು ಮರೆಯುವುದಕ್ಕೆ ಆಕಾಶದೆತ್ತರದ ಕಟ್ಟಡವೇನೂ ಬೇಕಿಲ್ಲ, ಮೂರು ಮಹಡಿ ಸಾಕು. ನಾನು ಹೋಗಿ ಜಾಲರಿಯನ್ನು ಪೂರ್ತಿ ಎಳೆದು, ಹನ್ನೆರಡು ವರ್ಷ ಬೈಸಿಕೊಂಡವರೆಲ್ಲ ಕೇಳಲಿ ಎನ್ನುವಷ್ಟು ಗಟ್ಟಿಯಾಗಿ ಕೂಗಿದೆ: "ಹಾಕೇನ್ರೀ!"