ದೆಲ್ಮಿರಾ ತಮ್ಮನನ್ನು ಬೈಯಲು ಹೋದಳು

ಬೊಲಿವಿಯಾದ ಗಡಿಗೆ ಹತ್ತಿರದ ನಮ್ಮ ಬೆಟ್ಟದೂರು ತಿಲ್ಕಾರಾದ ಮಾರ್ಕೆಟ್ಟಿನಲ್ಲಿ ನಾನು ಆಡಿನ ಹಾಲಿನ ಚೀಸ್ ಮಾರುತ್ತೇನೆ. ಪಕ್ಕದಲ್ಲೇ ದೆಲ್ಮಿರಾ ವಿಲ್ತೆ ಎಂಪನಾದ ಅನ್ನೋ ಮಾಂಸದ ಕಡುಬು ಕರಿಯುತ್ತಾಳೆ. ಅವಳ ಎಣ್ಣೆ ಹೊಗೆ ಇಷ್ಟು ವರ್ಷ ಕುಡಿದಿದ್ದೇನಲ್ಲ, ಅವಳ ವಿಷಯ ಹೇಳೋ ಹಕ್ಕು ಈ ಊರಲ್ಲಿ ಯಾರಿಗಾದರೂ ಇದ್ದರೆ ಅದು ನನಗೇ. ಮೊನ್ನೆ ರೇಡಿಯೋದವನೊಬ್ಬ ಬಂದು ಅವಳನ್ನು "ಸಾಹಸಿ ಅಜ್ಜಿ" ಅಂದ. ಅಜ್ಜಿಯಂತೆ! ಅರವತ್ತೊಂದೂ ಒಂದು ವಯಸ್ಸಾ? ಸಾಹಸವೂ ಅಲ್ಲ, ಎಂಥದ್ದೂ ಅಲ್ಲ. ಅವಳು ಹೋಗಿದ್ದು ತಮ್ಮನನ್ನು ಬೈಯಲು.

ಕಾರ್ನಿವಾಲ್ ಬಂತೆಂದರೆ ನಮ್ಮಲ್ಲಿ ಇಬ್ಬರು ಎದುರುಬದುರು ನಿಂತು, ಪುಟ್ಟ ತಮಟೆ ಬಡಿಯುತ್ತಾ, ಪದ ಕಟ್ಟಿ ಒಬ್ಬರನ್ನೊಬ್ಬರು ಬೈದಾಡುತ್ತಾರೆ. ಎಷ್ಟೇ ಬೈದರೂ ಸಿಟ್ಟಾಗುವಂತಿಲ್ಲ, ತಿರುಗಿ ಹಾಡಬೇಕು. ದೆಲ್ಮಿರಾ ಮತ್ತು ಅವಳ ತಮ್ಮ ರೊಸೆಂದೊ ನಿಂತರೆ ಬೀದಿ ತುಂಬಿಹೋಗುತ್ತಿತ್ತು. ಹದಿನೆಂಟು ವರ್ಷದ ಹಿಂದೆ, ಸದಾ ಗಂಡನ ಬೈಕಿನ ಹಿಂದೆ ಕೂತೇ ಓಡಾಡುತ್ತಿದ್ದ ಇವಳು ನಗರಕ್ಕೆ ಮನೆಗೆಲಸಕ್ಕೆಂದು ಹೋಗಿ, ವಾರ ತುಂಬುವುದರೊಳಗೆ ಅಳುತ್ತಾ ವಾಪಸ್ ಬಂದಿದ್ದಳು. ಆ ಕಾರ್ನಿವಾಲಿನಲ್ಲಿ ಅವನು ಊರ ಮುಂದೆ ಹಾಡಿಬಿಟ್ಟ:

"ಗಂಡನ ಬೆನ್ನು ಹಿಡಿದು ಕೂತರೆ
ಅಕ್ಕ ಮಹಾ ಧೀರೆ,
ಊರಿನ ಸೇತುವೆ ದಾಟಿದಳೋ
ಕಣ್ಣಲ್ಲೆಲ್ಲ ನೀರೇ!"

ಜನ ಬಿದ್ದು ಬಿದ್ದು ನಕ್ಕರು. ದೆಲ್ಮಿರಾ ತಿರುಗಿ ಹಾಡಲೇ ಇಲ್ಲ. ತಮಟೆ ನೆಲಕ್ಕೆ ಕುಕ್ಕಿ ಮನೆಗೆ ಹೋದವಳು ತಮ್ಮನ ಜೊತೆ ಮಾತೇ ಬಿಟ್ಟಳು. ಅವನೋ, ಆ ತಿಂಗಳಲ್ಲೇ ಯಾವುದೋ ಲಾರಿ ಹತ್ತಿ ಉತ್ತರಕ್ಕೆ ಹೋದವನು ಎರಡು ದೇಶ ದಾಟಿ ಎಕ್ವಡಾರಿನ ಕ್ವೆಂಕಾದಲ್ಲಿ ಬೇಕರಿ ಇಟ್ಟು ಅಲ್ಲೇ ಸಂಸಾರ ಹೂಡಿದ. ಇಬ್ಬರಿಗೂ ಹಠ. ಹಾಳು ಹಠ!

ಆಮೇಲೆ ಅವಳ ಗಂಡ ತೀರಿಕೊಂಡ. ಅವನ ನೂರಹತ್ತು ಸಿಸಿಯ ಸಣ್ಣ ಬೈಕನ್ನು ಇವಳೇ ಓಡಿಸಲು ಕಲಿತು, ಹಿಂದೆ ಡಬ್ಬಿ ಕಟ್ಟಿಕೊಂಡು ಮನೆಮನೆಗೆ ಎಂಪನಾದ ಕೊಡತೊಡಗಿದಳು. ಕೆಲವು ತಿಂಗಳ ಹಿಂದೆ ರೊಸೆಂದೊನ ಮಗಳು ನೊಯೆಮಿ ಫೋನು ಮಾಡಿದಳು. ಅಪ್ಪನ ಗಂಟಲಲ್ಲಿ ಗೆಡ್ಡೆ, ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ, ಇನ್ನೊಂದು ತಿಂಗಳಷ್ಟೇ ಅವನಿಗೆ ಮಾತು ಅಂದಳು.

ದೆಲ್ಮಿರಾ ಅವತ್ತೇ ಒಲೆ ಆರಿಸಿದಳು. "ಹೋಗಿ ಬರ್ತೀನಿ ಕಣೆ ಪೆತ್ರೋನಾ. ಅವನಿಗೆ ಗಂಟಲು ಇರೋವಾಗ್ಲೇ ಉತ್ತರ ಕೊಡಬೇಕು. ಅವನ ಬಾಯಿಂದ ಇನ್ನೊಂದು ಸಲ ಬೈಸ್ಕೋಬೇಕು."

"ಬಸ್ಸಿಗೆ ಹೋಗೇ ಪುಣ್ಯಾತ್ಗಿತ್ತಿ."

"ಬಸ್ಸಲ್ಲಿ ಹೋದ್ರೆ ಮತ್ತೆ ಯಾರದೋ ಬೆನ್ನ ಹಿಂದೆ ಕೂತು ಹೋದಂಗೆ ಆಯ್ತಲ್ಲ! ಅವನು ಹಾಡಿದ್ದನ್ನ ನಾನೇ ನಿಜ ಮಾಡ್ಲಾ?"

"ನಿನಗೆ ತಲೆ ಕೆಟ್ಟಿದೆ."

"ಕೆಟ್ರೆ ಕೆಡ್ಲಿ, ಬೈಕ್ ಚೆನ್ನಾಗಿದೆ."

ಸೇತುವೆ ದಾಟುವಾಗ ಅವಳ ಕಣ್ಣಲ್ಲಿ ನೀರಿತ್ತೋ ಇಲ್ಲವೋ ಗೊತ್ತಾಗಲಿಲ್ಲ. ಹೆಲ್ಮೆಟ್ಟಿನ ಗಾಜು ಇಳಿಸಿದ್ದಳು, ಜಾಣೆ.

ಬೊಲಿವಿಯಾದಲ್ಲಿ ಮುಷ್ಕರದವರು ರಸ್ತೆಗೆ ಬಂಡೆ ಉರುಳಿಸಿ ಕೂತಿದ್ದರು. ಬಸ್ಸು, ಲಾರಿ ಎಲ್ಲ ಸಾಲಾಗಿ ನಿಂತಿದ್ದವು. ಮುಂದೆ ಕೂತಿದ್ದ ದಪ್ಪ ಹೆಂಗಸು, "ಯಾರನ್ನೂ ಬಿಡಲ್ಲ. ಎಲ್ಲಿಗೆ ಅಷ್ಟು ಅರ್ಜೆಂಟು?" ಅಂದಳಂತೆ.

"ತಮ್ಮನ್ನ ಬೈಯೋಕೆ."

"ಎಲ್ಲಿದಾನೆ?"

"ಎಕ್ವಡಾರಲ್ಲಿ."

ಆ ಹೆಂಗಸು ಬಾಯಲ್ಲಿ ಜಗಿಯುತ್ತಿದ್ದ ಕೋಕಾ ಎಲೆ ಉಗಿದು ನಕ್ಕಳು. "ಅಮ್ಮಾ ತಾಯಿ, ಹಂಗೇ ನಮ್ಮ ಮಂತ್ರೀನೂ ಒಂದು ಸಲ ಬೈದು ಹೋಗು, ಬಿಡ್ತೀವಿ." ದೆಲ್ಮಿರಾ ನಿಂತ ನಿಲುವಿನಲ್ಲೇ ಮಂತ್ರಿಯ ಮೇಲೆ ಪದ ಕಟ್ಟಿದಳು. ನಾಲ್ಕು ಹೆಂಗಸರು ಸೇರಿ ಬೈಕನ್ನು ಎತ್ತಿ ಬಂಡೆಯಾಚೆ ಇಳಿಸಿಕೊಟ್ಟರು. ಬಸ್ಸಿನಲ್ಲಿದ್ದವರು ಹೊಟ್ಟೆ ಉರಿದುಕೊಂಡಿರಬೇಕು.

ಎತ್ತರದ ಘಾಟಿಗಳಲ್ಲಿ ಆ ಬಡಪಾಯಿ ಎಂಜಿನ್ನಿಗೆ ಉಸಿರು ಕಟ್ಟುತ್ತಿತ್ತು. ಆಗ ಇಳಿದು, ಮೊದಲ ಗೇರಿನಲ್ಲಿ ಅದನ್ನು ನಡೆಸಿಕೊಂಡು ತಾನೂ ಪಕ್ಕದಲ್ಲಿ ಏದುಸಿರು ಬಿಡುತ್ತಾ ನಡೆಯುವಳು. ನೆತ್ತಿ ತಲುಪಿದ ಮೇಲೆ ದಾರಿಹೋಕರು ಹರಕೆಯಂತೆ ಪೇರಿಸಿದ ಕಲ್ಲುಗುಡ್ಡೆಗೆ ತನ್ನದೊಂದು ಕಲ್ಲು ಸೇರಿಸಿ, ಭೂತಾಯಿಗೆ ನಾಲ್ಕು ಕೋಕಾ ಎಲೆ ಹಾಕಿ, ಅಲ್ಲೇ ಕೂತು ತಮ್ಮನಿಗೆ ಕೊಡಬೇಕಾದ ಉತ್ತರದ ಪದ ಕಟ್ಟುವಳು. ನಾನು ಇಲ್ಲಿ ಗಿರಾಕಿಗೆ ಚೀಸ್ ತೂಗುತ್ತಿದ್ದರೆ ಫೋನಿನಲ್ಲಿ ಕಿರುಚುವಳು, "ಮೂರನೇ ಸಾಲು ಸಿಕ್ತು ಕಣೇ!"

ಪೆರುವಿನ ಕರಾವಳಿಯಲ್ಲಿ ಮಾತ್ರ ಸಿಕ್ಕಿಹಾಕಿಕೊಂಡಳು. ಬೆಟ್ಟದಿಂದ ಇಳಿದ ಕೆಸರು ರಸ್ತೆಯನ್ನೇ ನುಂಗಿತ್ತು. ಒಂದು ವಾರಕ್ಕೂ ಹೆಚ್ಚು ಅಲ್ಲೇ. ಸೊಂಟ ಹಿಡಿದುಕೊಂಡಿತ್ತು, ತುಟಿ ಒಡೆದು ರಕ್ತ ಬರುತ್ತಿತ್ತು. "ಸಾಕು ಬಂದುಬಿಡೆ" ಅಂದೆ.

"ಹಿಂದಕ್ಕೆ ಬಂದ್ರೂ ಸೊಂಟ ನೋಯುತ್ತಲ್ವೇನೇ? ನೋಯೋದಾದ್ರೆ ಮುಂದಕ್ಕೆ ಹೋಗಿ ನೋಯ್ಲಿ" ಅಂದಳು. ಇಂಥವಳಿಗೆ ಏನು ಬುದ್ಧಿ ಹೇಳುವುದು? ಫೋನಿಟ್ಟು ನಾನು ಅತ್ತೆ. ಹೆದರಿಕೆಗಲ್ಲ, ಹೆಮ್ಮೆಗೆ.

ಅಂತೂ ಕ್ವೆಂಕಾ ತಲುಪಿದಳು. ಬೇಕರಿಯ ಹಿತ್ತಲಲ್ಲಿ ರೊಸೆಂದೊ ಕತ್ತಿಗೆ ಶಾಲು ಸುತ್ತಿಕೊಂಡು ಕೂತಿದ್ದ. ಕ್ಷೇಮ ಸಮಾಚಾರ ಇಲ್ಲ, ಅಪ್ಪಿಕೊಳ್ಳುವುದಿಲ್ಲ. ಹೆಲ್ಮೆಟ್ ತೆಗೆದು ನೆಲಕ್ಕಿಟ್ಟವಳೇ ಬೈಕಿಗೆ ಕಟ್ಟಿ ತಂದಿದ್ದ ತಮಟೆ ಬಡಿದು ಹಾಡಿದಳು:

"ಸೇತುವೆ ಲೆಕ್ಕ ಇಟ್ಟಿಲ್ಲ ತಮ್ಮ,
ಧೂಳು ಕುಡಿದು ಬಂದೆ,
ಬಾಯಿ ಇದ್ದರೆ ಎದ್ದು ಹಾಡು,
ನಿಂತಿದೀನಿ ಮುಂದೆ!"

ರೊಸೆಂದೊ ಬಾಯಿ ತೆರೆದ. ತುಟಿ ಆಡಿತು, ಸ್ವರ ಬರಲಿಲ್ಲ. ಶಾಲು ಜಾರಿ ಕತ್ತಿನ ಬ್ಯಾಂಡೇಜು ಕಾಣಿಸಿತು. ಬಾಗಿಲಲ್ಲಿ ನಿಂತಿದ್ದ ನೊಯೆಮಿ ಅಳುತ್ತಾ, "ಡಾಕ್ಟರು ಕಾಯಲಿಲ್ಲ ಅತ್ತೆ, ಮೊದಲೇ ಆಪರೇಷನ್ ಮಾಡಿಬಿಟ್ರು. ನಿನಗೆ ಹೇಳಿದ್ರೆ ಗಾಬರೀಲಿ ಜೋರಾಗಿ ಓಡಿಸಿ ಎಲ್ಲಾದ್ರೂ ಬಿದ್ದುಬಿಡ್ತೀಯ ಅಂತ ಹೇಳಲಿಲ್ಲ" ಅಂದಳು.

"ಬಾಯಿ ಇದ್ರೆ ಹಾಡು ಅಂದುಬಿಟ್ಟೆನಲ್ಲೇ" ಅಂತ ನನ್ನ ಮುಂದೆ ಹೇಳುವಾಗಲೂ ದೆಲ್ಮಿರಾ ಎದೆ ಗುದ್ದಿಕೊಂಡಳು. ಭೂಮಿ ಬಾಯಿ ಬಿಡಬಾರದಾ ಅನ್ನಿಸಿತಂತೆ. ಆದರೆ ರೊಸೆಂದೊ ಎದ್ದ. ಕಾರ್ನಿವಾಲಿನಲ್ಲಿ ನಿಲ್ಲುತ್ತಿದ್ದ ಹಾಗೇ ಸೊಂಟಕ್ಕೆ ಕೈಕೊಟ್ಟು, ಗದ್ದ ಎತ್ತಿ, ಅಕ್ಕನ ಎದುರಿಗೆ ಬಂದು ನಿಂತ.

"ಸರದಿ ಅವನದು ಕಣೆ. ಎದ್ದು ನಿಂತೂ ಬಿಟ್ಟಿದಾನೆ. ಅವನನ್ನ ಹಂಗೇ ನಿಲ್ಲಿಸೋಕಾಗುತ್ತಾ?" ಅಂದಳು ದೆಲ್ಮಿರಾ ನನಗೆ.

ಅವಳು ಹಿತ್ತಲು ದಾಟಿ ಅವನ ಪಕ್ಕಕ್ಕೆ ಹೋದಳು. ತಾನು ಅದುವರೆಗೆ ನಿಂತಿದ್ದ ಖಾಲಿ ಜಾಗದ ಕಡೆಗೆ ತಿರುಗಿ, ಅವನ ಪರವಾಗಿ ತನ್ನನ್ನೇ ಬೈದು ಹಾಡಿದಳು:

"ಒಂದು ಮಾತಿನ ಉತ್ತರಕ್ಕೆ
ಹದಿನೆಂಟು ವರ್ಷ ಅಕ್ಕ!
ನಿನ್ನ ಬೈಕಿಗಿಂತ ಆಮೆ ವಾಸಿ
ಅನ್ನೋದಂತೂ ಪಕ್ಕಾ!"

ರೊಸೆಂದೊ ನಕ್ಕ. ಸದ್ದಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು, ಕಣ್ಣಲ್ಲಿ ಧಾರಾಕಾರ ನೀರು. ನಕ್ಕು ಮುಗಿದ ಮೇಲೆ ಅಕ್ಕನ ಭುಜ ತಟ್ಟಿ ಆಚೆ ಕಡೆ ಕೈ ತೋರಿಸಿದ, ಹೋಗು, ಈಗ ನಿನ್ನ ಸರದಿ ಅಂತ. ಅವಳು ಹೋಗಿ ತನ್ನ ಪದ ಹಾಡಿದಳು, ಮತ್ತೆ ಬಂದು ಅವನದು ಹಾಡಿದಳು. ಬೇಕರಿಗೆ ಬಂದವರೆಲ್ಲ ಬ್ರೆಡ್ಡು ಮರೆತು ಹಿತ್ತಲಲ್ಲಿ ನಿಂತಿದ್ದರಂತೆ.

"ಕೊನೆಗೆ ಯಾರು ಗೆದ್ರೇ?" ಅಂತ ಕೇಳಿದೆ.

"ಅವನೇ" ಅಂದಳು. "ಅವನ ಕಡೆ ನಿಂತಾಗ್ಲೇ ಒಳ್ಳೊಳ್ಳೆ ಸಾಲು ಬರ್ತಿತ್ತು ಕಣೆ, ನಾನೇನು ಮಾಡ್ಲಿ?"